ಶೇಕಡಾ ನೂರರ ಬ್ಯಾನರ್

ಶುಕ್ರವಾರ ಬೆಳಿಗ್ಗೆ ಅಬುಧಾಬಿಯಿಂದ ದುಬೈಗೆ ಹೋಗುವ ಬಸ್ಸಿನಲ್ಲಿ ನಾನು ಪೂರ್ತಿ ಎಚ್ಚರವಿದ್ದದ್ದು ನೆನಪಿಲ್ಲ. ಕಿಟಕಿಯ ಪಕ್ಕದ ಸೀಟು ಹಿಡಿದು ದುಪಟ್ಟಾವನ್ನು ತಲೆಗೆ ಎಳೆದುಕೊಂಡರೆ ಪೇಟೆ ದಾಟುವ ಮೊದಲೇ ಕಣ್ಣು ಮುಚ್ಚಿ ಬರುತ್ತಿತ್ತು. ಹಾಗೆಂದು ಅದು ನಿದ್ದೆಯೂ ಅಲ್ಲ. ಚಳಿಗಾಲದಲ್ಲಿ ಮರಳಿನ ಮೇಲೆ ಮಂಜು ಮಲಗಿರುತ್ತಿತ್ತು. ಕರೆಂಟಿನ ದೊಡ್ಡ ಕಂಬಗಳ ಕಾಲು ಕಾಣುತ್ತಿರಲಿಲ್ಲ, ತಲೆ ಮಾತ್ರ ಕಾಣುತ್ತಿತ್ತು. ಆ ಕಂಬಗಳ ನಡುವೆ ಎಲ್ಲೋ ನಮ್ಮೂರಿನ ಸರ್ಕಾರಿ ಹೈಸ್ಕೂಲು ಬಂದು ನಿಲ್ಲುತ್ತಿತ್ತು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಜಗಲಿಯಲ್ಲಿ ಬಿಟ್ಟ ಚಪ್ಪಲಿಗಳು. ಬಸ್ಸು ಎಷ್ಟು ಜೋರಾಗಿ ಓಡಿದರೂ ಶಾಲೆ ಹಿಂದೆ ಸರಿಯುತ್ತಿರಲಿಲ್ಲ, ಕಿಟಕಿಯ ಜೊತೆಜೊತೆಗೇ ಬರುತ್ತಿತ್ತು. ಒಳಗೆ ಯಾವ ಕ್ಲಾಸು ನಡೆಯುತ್ತಿದೆ ಎಂದು ಬಗ್ಗಿ ನೋಡಲು ಹೋದಾಗಲೇ ಸರಿಯಾಗಿ ಡ್ರೈವರ್ ಬ್ರೇಕ್ ಹಾಕುತ್ತಿದ್ದ.

ಆ ವರ್ಷಗಳಲ್ಲಿ ನಾನು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದೆ. ಶುಕ್ರವಾರ ರಜೆ. ನನ್ನ ಗಂಡ ಪೇಟೆಯ ಕಾನ್ವೆಂಟಿನಲ್ಲಿ ಓದಿದವರು. ರಜೆಯ ದಿನ ಮಧ್ಯಾಹ್ನದವರೆಗೆ ಮಲಗುವುದು ಅವರ ಪಾಲಿಗೆ ಒಂದು ವ್ರತ.

"ಒಂದು ಹರಕು ಸರ್ಕಾರಿ ಶಾಲೆಗೋಸ್ಕರ ಅಷ್ಟು ದೂರ ಬಸ್ಸಲ್ಲಿ ಹೋಗ್ತೀಯಲ್ಲ, ನಿಂಗೆ ಮರ್ಲು," ಎಂದು ಕಂಬಳಿಯೊಳಗಿಂದಲೇ ಹೇಳುತ್ತಿದ್ದರು.

"ಹೌದು, ಮರ್ಲೇ. ನೀವು ಮಲಗಿ," ಎಂದು ನಾನು ಬಾಗಿಲು ಎಳೆದುಕೊಂಡು ಹೊರಡುತ್ತಿದ್ದೆ.

ತಿಂಗಳಿಗೊಮ್ಮೆ ದುಬೈಯ ದೇರಾದ ಒಂದು ಹೋಟೆಲಿನ ಮಹಡಿಯಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ ಸೇರುತ್ತಿತ್ತು. ಶುಕ್ರವಾರದ ನಮಾಜು ಮುಗಿಸಿ ಬರುವವರು ಬಂದ ಮೇಲೆ ನೀರುದೋಸೆ, ಕೋಳಿ ಸುಕ್ಕ, ಆಮೇಲೆ ಸಭೆ. ಡ್ರೈವರುಗಳು, ಅಂಗಡಿಯವರು, ಆಸ್ಪತ್ರೆ ಹೋಟೆಲುಗಳಲ್ಲಿ ದುಡಿಯುವವರು, ಎಲ್ಲರೂ ಒಗೆದು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬರುತ್ತಿದ್ದರು. ನಮ್ಮ ಮಕ್ಕಳು ಮೂಲೆಯ ಟೇಬಲ್ಲಿನಲ್ಲಿ ಕೂತು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದವು. ಅಪ್ಪಂದಿರ ಶಾಲೆ ಅವುಗಳಿಗೆ ಕತೆಯಲ್ಲಿ ಬರುವ ಊರಾಗಿತ್ತು.

ಕತೆಯೇ ಬಿಡಿ. ಅಲ್ಲಿ ಕೂತು ಮಾತಾಡುವಾಗ ಶಾಲೆ ತಿಂಗಳಿಂದ ತಿಂಗಳಿಗೆ ಚಂದವಾಗುತ್ತಾ ಹೋಗುತ್ತಿತ್ತು. ಗ್ರೌಂಡು ದೊಡ್ಡದಾಯಿತು. ಮಾಸ್ತರರ ಬೆತ್ತ ಸಣ್ಣದಾಯಿತು. ಬಾವಿಯ ನೀರಿನಷ್ಟು ಸಿಹಿ ಬೇರೆಲ್ಲೂ ಇಲ್ಲ ಎಂದು ಒಬ್ಬರು ಕಣ್ಣು ಒದ್ದೆ ಮಾಡಿಕೊಂಡು ಹೇಳಿದಾಗ, ಅದರಲ್ಲಿ ಕಪ್ಪೆ ಇತ್ತಲ್ಲ ಮಾರಾಯ್ರೆ ಎಂದು ನಾನು ಬಾಯಿಬಿಟ್ಟು ಎಲ್ಲರಿಂದ ಬೈಸಿಕೊಂಡಿದ್ದೆ. ಆದರೂ ಕೇಳಲು ಸುಖವಾಗುತ್ತಿತ್ತು. ಎ.ಸಿ.ಯ ಗುಂಯ್ ಸದ್ದಿನಲ್ಲಿ, ಹೊಟ್ಟೆ ತುಂಬಿದ ಅರೆನಿದ್ದೆಯಲ್ಲಿ, ನಾನೂ ಆ ಕಪ್ಪೆಯಿಲ್ಲದ ಬಾವಿಯ ನೀರನ್ನು ಎಷ್ಟೋ ಸಲ ಕುಡಿದಿದ್ದೇನೆ.

ಸಂಘದ ಅಧ್ಯಕ್ಷರಿಗೆ ದೇರಾದಲ್ಲಿ ಟಾರ್ಚು, ಬ್ಯಾಟರಿ, ವೈರುಗಳ ಹೋಲ್‌ಸೇಲ್ ಅಂಗಡಿ. ಮನೆಯಲ್ಲಿ ನವಾಯತಿ ಮಾತು, ಅಂಗಡಿಯಲ್ಲಿ ಹಿಂದಿ ಮತ್ತು ಅರಬ್ಬಿ. ಕನ್ನಡ ನಮ್ಮ ಜೊತೆ ಮಾತ್ರ. ಬಹಳ ಒಳ್ಳೆಯ ಮನುಷ್ಯ. ಬ್ಯಾನರಿನ ಯೋಚನೆ ಅವರಿಗೆ ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ್ದು. ಒಂದು ಸಭೆಯಲ್ಲಿ ಅವರು ಮೈಕ್ ಹಿಡಿದು ಹೇಳಿದರು: "ಪಕ್ಕದ ಊರಿನ ಶಾಲೆಗೆ ಹತ್ತನೇ ಕ್ಲಾಸಲ್ಲಿ ಶೇಕಡಾ ನೂರು ಬಂತಂತೆ. ನಮ್ಮದಕ್ಕೆ ಯಾಕೆ ಬರಬಾರ್ದು? ನೂರು ಬಂದ ವರ್ಷ ನಾವು ಮಕ್ಕಳಿಗೆ ಕಂಪ್ಯೂಟರ್ ಕೋಣೆ ಕಟ್ಟಿಸಿ ಕೊಡುವ. ಯಲ್ಲಾ, ಬನ್ನಿ, ಒಪ್ಪಿಗೆ ಉಂಟಾ?"

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ತಿಂಗಳು ಬ್ಯಾನರ್ ಪ್ರಿಂಟಾಗಿ ಬಂತು. "ಈ ವರ್ಷ ನಮ್ಮ ಗುರಿ ಶೇಕಡಾ ನೂರು" ಎಂಬ ದೊಡ್ಡ ಅಕ್ಷರ, ಕೆಳಗೆ ಸಾಲಾಗಿ ಸಮಿತಿಯವರ ಫೋಟೋ. ಕೋಟು ಹಾಕಿ ಅಭ್ಯಾಸವಿಲ್ಲದವರೆಲ್ಲ ಕೋಟಿನಲ್ಲಿದ್ದರು. ಕೊನೆಯಲ್ಲಿ ನಾನೂ ಇದ್ದೆ, ಹಲ್ಲು ಬಿಟ್ಟುಕೊಂಡು, ಹಲ್ಲಿನ ಕ್ಲಿನಿಕ್ಕಿನವಳಲ್ಲವೇ. ಊರಿಗೆ ಹೊರಟ ಒಬ್ಬರ ಸೂಟ್‌ಕೇಸಿನಲ್ಲಿ ಅದನ್ನು ಸುತ್ತಿ ಕಳಿಸಿದೆವು. ಹೆಡ್‌ಮಾಸ್ತರರು ಗೇಟಿಗೆ ಕಟ್ಟಿಸಿ ಫೋಟೋ ಕಳಿಸಿದರು.

ಆ ವರ್ಷ ನನ್ನ ಅಣ್ಣನ ಮಗಳು ಅದೇ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿದ್ದಳು. ನನಗೂ ಅವಳಿಗೂ ವಾಟ್ಸಾಪಿನಲ್ಲಿ ಮಾತು. ಮಾತು ಎಂದರೆ ನೇರ ಮಾತಲ್ಲ. ಇಲ್ಲಿ ವಾಟ್ಸಾಪ್ ಕಾಲ್ ಹೋಗುತ್ತಿರಲಿಲ್ಲ, ಧ್ವನಿ ಮುದ್ರಿಸಿ ಕಳಿಸಿದರೆ ಹೋಗುತ್ತಿತ್ತು. ಅವಳು ಅಮ್ಮನ ಮೊಬೈಲು ಹಿಡಿದು ಹಿತ್ತಲಿಗೆ ಹೋಗಿ ಮಾತಾಡಿ ಕಳಿಸುವುದು, ನಾನು ಅದನ್ನು ಕೂಡಿಟ್ಟು ಶುಕ್ರವಾರದ ಬಸ್ಸಿನಲ್ಲಿ ಒಂದೊಂದಾಗಿ ಕೇಳುವುದು. ಕಿವಿಯಲ್ಲಿ ಅವಳ ಸ್ವರ. ಹಿಂದಿನಿಂದ ಕಾಗೆ, ಕುಕ್ಕರಿನ ಸೀಟಿ, ಯಾರೋ ಯಾರನ್ನೋ ಕರೆಯುವುದು. ಕಿಟಕಿಯಾಚೆ ಮರಳು. ಒಮ್ಮೊಮ್ಮೆ ಕಾಗೆ ಕೂಗಿದ್ದು ಮರಳಿನ ಮೇಲೆಯೋ ಹಿತ್ತಲಿನಲ್ಲೋ ಎಂದು ನನಗೆ ತಿಳಿಯುತ್ತಿರಲಿಲ್ಲ.

"ಅತ್ತೆ, ನಮ್ಗೆ ಗಣಿತಕ್ಕೆ ಟೀಚರೇ ಇಲ್ಲ. ಬಂದವರು ಮಳೆಗಾಲ ಮುಗಿಯುವ ಮೊದ್ಲೇ ಹೋದ್ರು. ಈಗ ಡ್ರಿಲ್ ಮಾಸ್ಟ್ರು ಲೆಕ್ಕ ಮಾಡಿಸ್ತಾರೆ. ತಪ್ಪಿದ್ರೆ ಗ್ರೌಂಡಿಗೆ ಒಂದು ರೌಂಡ್. ನಾನೀಗ ಓಟದಲ್ಲಿ ಫಸ್ಟ್, ಗೊತ್ತುಂಟಾ?"

ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಸೀಟಿನ ಹೆಂಗಸು ನನ್ನನ್ನು ನೋಡಿ ತನ್ನ ಬ್ಯಾಗನ್ನು ಸ್ವಲ್ಪ ಆಚೆ ಎಳೆದುಕೊಂಡಳು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬಂದ ಧ್ವನಿಯಲ್ಲಿ ನಗು ಇರಲಿಲ್ಲ. ಕಾಗೆ ಮಾತ್ರ ಎಂದಿನಂತೆ ಕೂಗುತ್ತಿತ್ತು.

"ಅತ್ತೆ, ಹೆಡ್‌ಮಾಸ್ಟ್ರು ಅಪ್ಪನನ್ನು ಬರ್ಲಿಕ್ಕೆ ಹೇಳಿದ್ರು. ನಂಗೆ ಗಣಿತದಲ್ಲಿ ಒಂಬತ್ತು. ಈ ವರ್ಷ ನಿಮ್ಮ ಮಗಳನ್ನು ಪರೀಕ್ಷೆಗೆ ಕಟ್ಟಿಸುದು ಬೇಡ, ಬರುವ ವರ್ಷ ಪ್ರೈವೇಟಾಗಿ ಕಟ್ಲಿ ಅಂದ್ರಂತೆ. ನಂಗೊಬ್ಬಳಿಗೆ ಅಲ್ಲ, ಇನ್ನಿಬ್ಬರಿಗೂ ಹೇಳಿದ್ದಾರೆ. ಅಪ್ಪ ಹೂಂ ಅಂದ್ರು. ಅಲ್ಲಿವರೆಗೆ ಅಮ್ಮನೊಟ್ಟಿಗೆ ಫ್ಯಾಕ್ಟರಿಗೆ ಹೋಗ್ಲಿ ಅಂತ ಅಪ್ಪ ಹೇಳ್ತಾರೆ."

ಫ್ಯಾಕ್ಟರಿ ಎಂದರೆ ಗೇರುಬೀಜದ ಫ್ಯಾಕ್ಟರಿ. ಅತ್ತಿಗೆ ಅಲ್ಲಿ ಬೀಜ ಸುಲಿಯುತ್ತಿದ್ದರು. "ಬರುವ ವರ್ಷ" ಎಂಬ ಮಾತಿನ ಅರ್ಥ ನಮ್ಮೂರಿನ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಒಂದು ವರ್ಷ ಶಾಲೆ ಬಿಟ್ಟು ಬೀಜ ಸುಲಿಯಲು ಕೂತವಳು ತಿರುಗಿ ಪುಸ್ತಕ ಬಿಡಿಸಿದ್ದನ್ನು ನಾನಂತೂ ನೋಡಿಲ್ಲ. ಗೆಳತಿಯರೆಲ್ಲ ಕಾಲೇಜಿನ ಬಸ್ಸು ಹತ್ತುವಾಗ ಇವಳು ಫ್ಯಾಕ್ಟರಿಯ ಟೆಂಪೋ ಹತ್ತಬೇಕು. ನನಗೆ ಕೋಪ ಬಂತು. ನನ್ನ ಕೋಪದ ಬಗ್ಗೆ ನನ್ನ ಗಂಡನನ್ನು ಕೇಳಬೇಕು.

ಮಾರನೆಯ ದಿನವೇ ಹೆಡ್‌ಮಾಸ್ತರರಿಗೆ ಫೋನ್ ಮಾಡಿದೆ. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಮಾಡಿದ್ದು. ಆದರೆ ಆ ಮನುಷ್ಯ ಜಗಳಕ್ಕೆ ಸಿಗಲೇ ಇಲ್ಲ. ಮೆಲ್ಲಗೆ, ಸುಸ್ತಾದವರ ಸ್ವರದಲ್ಲಿ ಹೇಳಿದರು:

"ನೋಡಿ ಅಮ್ಮ, ನನ್ನ ಹತ್ರ ಗಣಿತಕ್ಕೆ ಜನ ಇಲ್ಲ. ಬರೆದು ಬರೆದು ಸಾಕಾಯ್ತು. ಗೇಟಿಗೆ ನಿಮ್ಮ ಬ್ಯಾನರ್ ಉಂಟು, ದಿನಾ ಅದರ ಅಡಿಯಿಂದ್ಲೇ ನಾನು ಒಳಗೆ ಬರುದು. ಮೀನಿನವನು ಸಮೇತ ಕೇಳ್ತಾನೆ, ಮಾಸ್ಟ್ರೆ ಈ ಸಲ ನೂರು ಬರ್ತದಾ ಅಂತ. ಮೂರು ಮಕ್ಕಳು ಒಂದು ವರ್ಷ ಹಿಂದೆ ನಿಂತ್ರೆ ಉಳಿದ ಎಲ್ಲ ಮಕ್ಕಳಿಗೆ ಕಂಪ್ಯೂಟರ್ ಸಿಕ್ತದೆ. ನಾನು ಎಂತ ಮಾಡ್ಬೇಕು, ನೀವೇ ಹೇಳಿ."

ನಾನು ಫೋನ್ ಇಟ್ಟೆ. ಹಲ್ಲು ನೋವಿನ ಒಬ್ಬರು ಕೆನ್ನೆ ಹಿಡಿದುಕೊಂಡು ನನ್ನ ಎದುರು ಕೂತಿದ್ದರು. ಅವರಿಗೂ ನನಗೂ ಅಂದು ಒಂದೇ ಮುಖ.

ಮುಂದಿನ ತಿಂಗಳ ಸಭೆಗೆ ಹೋಗುವಾಗ ಬಸ್ಸಿನಲ್ಲಿ ಮತ್ತೆ ಶಾಲೆ ಬಂತು. ಆದರೆ ಈ ಸಲ ಗೇಟು ಮೊದಲು ಬಂತು, ಗೇಟಿನ ಮೇಲೆ ನಾವು. ಕೋಟು ಹಾಕಿಕೊಂಡು ಸಾಲಾಗಿ ನಿಂತು ನಗುತ್ತಿದ್ದೆವು, ಕೆಳಗಿಂದ ಮಕ್ಕಳು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದವು. ಮೂರು ಮಕ್ಕಳು ಮಾತ್ರ ಹೊರಗೇ ನಿಂತು ನಮ್ಮನ್ನು ನೋಡುತ್ತಿದ್ದವು. ನಾನು ಬೆಚ್ಚಿ ಕಣ್ಣು ಬಿಟ್ಟಾಗ ಬಸ್ಸು ದುಬೈಯ ಟ್ರಾಫಿಕ್ಕಿನಲ್ಲಿ ನಿಂತಿತ್ತು.

ಊಟ ಮುಗಿದು ಅಧ್ಯಕ್ಷರು ಮೈಕ್ ಹಿಡಿದರು. "ಹೆಡ್‌ಮಾಸ್ಟ್ರು ಹೇಳಿದ್ದಾರೆ, ಈ ವರ್ಷ ನೂರು ಗ್ಯಾರಂಟಿ ಅಂತೆ!"

ನಾನು ಎದ್ದು ನಿಂತೆ. ಮೈಕ್ ಬೇಕಾಗಲಿಲ್ಲ. ನನ್ನ ಗಂಟಲಿಗೆ ಅದರ ಅಗತ್ಯವಿಲ್ಲ.

"ಬರ್ತದೆ ಅಧ್ಯಕ್ಷರೇ, ಖಂಡಿತ ಬರ್ತದೆ. ಫೇಲಾಗುವ ಮಕ್ಕಳನ್ನು ಹೊರಗೆ ನಿಲ್ಲಿಸಿದ್ರೆ ಯಾವ ಶಾಲೆಗೆ ಬರುದಿಲ್ಲ ನೂರು?" ಎಂದು ಶುರು ಮಾಡಿ ಅಣ್ಣನ ಮಗಳ ವಿಷಯ, ಇನ್ನಿಬ್ಬರ ವಿಷಯ, ಫ್ಯಾಕ್ಟರಿಯ ವಿಷಯ, ಎಲ್ಲವನ್ನೂ ಹೇಳಿದೆ. ಮೂಲೆಯಲ್ಲಿ ಮಕ್ಕಳ ಗಲಾಟೆಯೂ ನಿಂತುಹೋಯಿತು.

ಸಿಲಿಕಾನ್ ಓಯಸಿಸ್‌ನ ಒಂದು ಆಫೀಸಿನಲ್ಲಿದ್ದ ಇಂಜಿನಿಯರ್ ಹುಡುಗ ಕೈ ಎತ್ತಿದ. ನಮ್ಮ ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವನೆಂದರೆ ಅವನೇ. "ಅಕ್ಕ, ತಪ್ಪು ತಿಳ್ಕೊಬೇಡಿ. ಮೂರು ಜನಕ್ಕೋಸ್ಕರ ಎಲ್ಲರ ಕಂಪ್ಯೂಟರ್ ತಪ್ಪಿಸೋದು ನ್ಯಾಯವಾ? ಅವರು ಮುಂದಿನ ವರ್ಷ ಬರೀಬಹುದಲ್ಲ."

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ನಾನು ಸುತ್ತ ನೋಡಿದೆ. ಸುಕ್ಕದ ಪರಿಮಳದಲ್ಲಿ, ಇಸ್ತ್ರಿಯ ಬಟ್ಟೆಗಳಲ್ಲಿ, ಎಷ್ಟೊಂದು ಪರಿಚಯದ ಮುಖಗಳು.

"ಹಾಗಾದ್ರೆ ಒಂದು ಕೆಲಸ ಮಾಡುವ," ಅಂದೆ. "ಈ ಹಾಲಿನಲ್ಲಿ ಹತ್ತನೇ ಕ್ಲಾಸು ಒಂದೇ ಸಲಕ್ಕೆ ಪಾಸಾದವರು ಕೈ ಎತ್ತಿ. ಸುಳ್ಳು ಬೇಡ, ಒಬ್ಬರ ಮಾರ್ಕು ಇನ್ನೊಬ್ಬರಿಗೆ ಗೊತ್ತುಂಟು."

ಮೊದಲು ನಗು ಎದ್ದಿತು. ಆಮೇಲೆ ಯಾರೂ ನಗಲಿಲ್ಲ. ಇಂಜಿನಿಯರ್ ಹುಡುಗನ ಕೈ ಎದ್ದಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳ ಕೈ, ಹಿಂದೆ ಎಲ್ಲೋ ಇನ್ನೊಂದೆರಡು. ಅಷ್ಟೇ. ನನ್ನ ಕೈಯೂ ಕೆಳಗೇ ಇತ್ತು. ಈಗ ದಿನವಿಡೀ ಇಂಗ್ಲಿಷಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುವ ನಾನು ಇಂಗ್ಲಿಷ್ ಪಾಸಾದದ್ದು ಎರಡನೇ ಸಲಕ್ಕೆ. ಉಳಿದವರು ತಟ್ಟೆ ನೋಡುತ್ತಾ, ಫ್ಯಾನ್ ನೋಡುತ್ತಾ ಕೂತಿದ್ದರು. ತನ್ನ ಅಪ್ಪ ಕೈ ಎತ್ತಲಿಲ್ಲವೆಂದು ಮೂಲೆಯ ಟೇಬಲ್ಲಿನ ಒಂದು ಮಗು ಇಂಗ್ಲಿಷಿನಲ್ಲಿ ಜೋರಾಗಿಯೇ ಹೇಳಿತು.

ಅಧ್ಯಕ್ಷರ ಕೈಯಲ್ಲಿ ಮೈಕ್ ಇತ್ತು. ಅವರು ಅದನ್ನು ಎತ್ತಲಿಲ್ಲ, ಮೇಜಿನ ಮೇಲಿಟ್ಟರು.

"ಗಣಿತ. ಮೂರು ಸಲ, ತಂಗಿ," ಅಂದರು. "ಮೂರು ಸಲವೂ ಆಗಿನ ಹೆಡ್‌ಮಾಸ್ಟ್ರು ನನ್ನನ್ನು ಕಟ್ಟಿಸಿದ್ರು. ಒಂದು ಸಲ ಕೂಡ ಬೇಡ ಅನ್ನಲಿಲ್ಲ. ಆಗ ಗೇಟಲ್ಲಿ ಈ ಬ್ಯಾನರ್ ಇದ್ದಿದ್ರೆ ನಾನು ಈ ಸಂಘದ ಅಧ್ಯಕ್ಷ ಅಲ್ಲ, ಮೆಂಬರೂ ಅಲ್ಲ."

ಅಧ್ಯಕ್ಷರು ಜೇಬಿನಿಂದ ಫೋನ್ ತೆಗೆದು ಅಲ್ಲಿಯೇ, ಎಲ್ಲರ ಎದುರಿಗೇ, ಹೆಡ್‌ಮಾಸ್ತರರ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದರು. ಊರಿನಲ್ಲಿ ಅದು ಶಾಲೆ ಬಿಡುವ ಹೊತ್ತು. ಹೆಡ್‌ಮಾಸ್ತರರು ಹಲೋ ಅನ್ನುವುದಕ್ಕೂ ಅವರ ಹಿಂದೆ ಲಾಂಗ್ ಬೆಲ್ ಹೊಡೆಯುವುದಕ್ಕೂ ಸರಿಹೋಯಿತು. ಢಣ ಢಣ ಢಣ ಎಂದು ಅದೇ ಸದ್ದು, ಆಮೇಲೆ ಒಮ್ಮೆಲೇ ಮಕ್ಕಳ ಬೊಬ್ಬೆ. ದೇರಾದ ಆ ಮಹಡಿಯಲ್ಲಿ ಯಾರೂ ಅಲುಗಾಡಲಿಲ್ಲ. ಕೈಯಲ್ಲಿ ಲೋಟ ಹಿಡಿದವರು ಹಿಡಿದುಕೊಂಡೇ ಇದ್ದರು. ಅಷ್ಟು ವರ್ಷ ನಾವು ಮಾತಿನಲ್ಲಿ ಕಟ್ಟುತ್ತಿದ್ದ ಶಾಲೆ ಒಂದು ಕಡೆ, ನಿಜವಾದ ಶಾಲೆ ಮೇಜಿನ ಮೇಲಿನ ಫೋನಿನಲ್ಲಿ. ಆ ಬೊಬ್ಬೆಯಲ್ಲಿ ನನ್ನ ಹುಡುಗಿಯ ಸ್ವರವೂ ಇರಬಹುದು ಎಂದು ನಾನು ಕಿವಿಗೊಟ್ಟು ಹುಡುಕಿದೆ. ನನ್ನ ಕಣ್ಣು ತುಂಬಿ ಬಂತು.

"ಮಾಸ್ಟ್ರೆ," ಅಂದರು ಅಧ್ಯಕ್ಷರು. "ಆ ಬ್ಯಾನರ್ ಇವತ್ತೇ ಇಳಿಸಿ. ನೂರು ಗಿರು ಎಲ್ಲ ಖಲಾಸ್. ಕೋಣೆ ನಾವು ಹೇಗೂ ಕಟ್ಟಿಸಿ ಕೊಡ್ತೇವೆ. ಆ ಮೂರು ಮಕ್ಕಳನ್ನು ಕಟ್ಟಿಸಿ. ದಯಮಾಡಿ."

ಮಕ್ಕಳ ಗದ್ದಲದ ನಡುವೆ ಹೆಡ್‌ಮಾಸ್ತರರು, "ಆಯ್ತು," ಎಂದರು. ಆ ಒಂದು ಮಾತಿನಲ್ಲಿ ಭಾರ ಇಳಿಸಿದವರ ಸ್ವರವಿತ್ತು.

ಹಾಗೆ ನನ್ನ ಹುಡುಗಿಯ ಹೆಸರು ಪರೀಕ್ಷೆಗೆ ಹೋಯಿತು. ಆದರೆ ಹೆಸರು ಹೋದ ಮಾತ್ರಕ್ಕೆ ಗಣಿತ ಬರುತ್ತದೆಯೇ? ಇಂಜಿನಿಯರ್ ಹುಡುಗ ತಾನಾಗಿಯೇ ಬಂದು, "ಅಕ್ಕ, ಲೆಕ್ಕ ನಾನು ವಾಯ್ಸಿನಲ್ಲಿ ಹೇಳಿ ಕೊಡ್ತೇನೆ," ಎಂದ. ಅವನು ತನ್ನ ಆಫೀಸಿನ ಕಟ್ಟಡದ ಕೆಳಗೆ ಕಾರಿನಲ್ಲಿ ಕೂತು ಮುದ್ರಿಸಿ ನನಗೆ ಕಳಿಸುವುದು, ನಾನು ಅವಳಿಗೆ ದಾಟಿಸುವುದು. ಮೂರೂ ಮಕ್ಕಳು ಊರಿನ ನಮ್ಮ ಮನೆಯ ಹಿತ್ತಲಿನಲ್ಲಿ ಒಂದೇ ಮೊಬೈಲಿನ ಸುತ್ತ ಕೂತು ಕೇಳುತ್ತಿದ್ದರಂತೆ. ಕೂಡಿಸುವುದು ಕಳೆಯುವುದಾದರೆ ಸರಿ. ಸ್ವರದಲ್ಲಿ ರೇಖಾಗಣಿತ ಹೇಳುವ ಕಷ್ಟ ನೋಡಬೇಕು. "ಈಗ ಒಂದು ವೃತ್ತ ಬರಿ. ನಡುವಲ್ಲಿ ಓ ಅಂತ ಇಡು. ಹೊರಗೆ, ನಿನ್ನ ಬಲಗೈ ಬದಿಗೆ, ಪಿ ಅಂತ ಇಡು. ಇಟ್ಯಾ? ಪಿಯಿಂದ ವೃತ್ತವನ್ನು ಮುಟ್ಟಿಯೂ ಮುಟ್ಟದ ಹಾಗೆ ಒಂದು ಗೆರೆ..." ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ ನನಗೆ ಮರಳಿನ ಮೇಲೆಲ್ಲ ವೃತ್ತಗಳು ಏಳುತ್ತಿದ್ದವು. ಗೆರೆಗಳು ದಿಗಂತದವರೆಗೆ ಹೋಗಿ ಮಂಜಿನಲ್ಲಿ ಕರಗುತ್ತಿದ್ದವು. ಬಿ ಎಲ್ಲಿ ಹೋಯಿತು, ಸಿ ಎಲ್ಲಿ ಉಳಿಯಿತು ನನಗೆ ಗೊತ್ತಾಗುತ್ತಿರಲಿಲ್ಲ. ಆ ಕಡೆಯಿಂದ ಅವಳ ಉತ್ತರ ಬರುತ್ತಿತ್ತು: "ಅಣ್ಣ, ಮಂಗ ಬಂದು ಪೇರಳೆಕಾಯಿ ಬಿಸಾಡಿತು ಅಣ್ಣ, ಇನ್ನೊಂದ್ಸಲ ಹೇಳಿ."

ನನ್ನ ಬದುಕಿನಲ್ಲಿ ನಾನು ಅತ್ಯಂತ ಸುಖವಾಗಿದ್ದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಚಳಿಗಾಲದ ಬಸ್ಸನ್ನೇ ಹೇಳುತ್ತೇನೆ.

ಮಾರ್ಚ್ ಕೊನೆಗೆ ಪರೀಕ್ಷೆ ಶುರುವಾಯಿತು. ಗಣಿತದ ದಿನ ನಾನು ಕ್ಲಿನಿಕ್ಕಿನಲ್ಲಿ ಒಬ್ಬರ ಹಲ್ಲು ಕೀಳುವ ಅಪಾಯಿಂಟ್‌ಮೆಂಟನ್ನು ಇನ್ನೊಬ್ಬರಿಗೆ ಕೊಟ್ಟು ಡಾಕ್ಟರರಿಂದ ಬೈಸಿಕೊಂಡೆ. "ಬರ್ದಿದ್ದೇನೆ ಅತ್ತೆ," ಎಂದಷ್ಟೇ ಸಂಜೆ ಅವಳು ಹೇಳಿದಳು. ಅದರ ಮೇಲೆ ನಾನೂ ಕೆದಕಲಿಲ್ಲ.

ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ. ಹೊರಗೆ ಗಾಳಿಯಲ್ಲಿ ಧೂಳು ತುಂಬಿ ಎದುರಿನ ಕಟ್ಟಡ ಬಿಸಿ ಹಾಲಿನ ಹಬೆಯಲ್ಲಿದ್ದ ಹಾಗೆ ಕಾಣುತ್ತಿತ್ತು. ಸಂಘದ ಗ್ರೂಪಿನಲ್ಲಿ ಹೆಡ್‌ಮಾಸ್ತರರ ಮೆಸೇಜ್ ಬಂತು. ಒಬ್ಬರನ್ನು ಬಿಟ್ಟು ಎಲ್ಲರೂ ಪಾಸು. ಸಣ್ಣ ವಿಷಯಕ್ಕೂ ಹೂವಿನ ಚಿತ್ರ ಕಳಿಸುವ ನಮ್ಮ ಗ್ರೂಪಿನಲ್ಲಿ ಯಾರೂ ಏನೂ ಕಳಿಸಲಿಲ್ಲ. ಯಾರು ಆ ಒಬ್ಬರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಫೋನ್ ಮಗುಚಿ ಇಟ್ಟೆ. ಅದು ಮೇಜಿನ ಮೇಲೆ ನಡುಗಿತು.

"ಅತ್ತೆ." ಮೂಗು ಎಳೆಯುವ ಸದ್ದು. "ಗಣಿತ ಹೋಯ್ತು. ಬಾಕಿ ಎಲ್ಲ ಪಾಸು. ಅವರಿಬ್ಬರೂ ಪಾಸಾದ್ರು ಅತ್ತೆ. ಇಡೀ ಶಾಲೆಯಲ್ಲಿ ನಾನೊಬ್ಬಳೇ. ನಾನು ಇಲ್ಲದಿದ್ರೆ ನೂರು ಬರ್ತಿತ್ತು. ನಿಮ್ಮ ಸಂಘದವರು ನಿಮ್ಗೆ ಬೈದ್ರಾ?"

ಫೇಲಾದವಳು ಅವಳು, ನಾನು ಬೈಸಿಕೊಂಡೆನೋ ಎಂದು ಕೇಳುತ್ತಿದ್ದಾಳೆ. ಮುದ್ರಿಸುವ ಗುಂಡಿ ಒತ್ತಿ ಹಿಡಿದೆ. ಬೈಲಿಲ್ಲ ಕಂದ, ಯಾರೂ ಬೈಲಿಲ್ಲ ಎನ್ನಬೇಕಿತ್ತು. ನನ್ನಂಥ ಬಾಯಿಬಡುಕಿಗೆ ಆ ಹೊತ್ತಿನಲ್ಲಿ ಸ್ವರವೇ ಹೊರಡಲಿಲ್ಲ. ಬೆರಳು ಬಿಟ್ಟೆ, ಹಾಗೆಯೇ ಹೋಯಿತು. ಒಳಗೆ ಹಲ್ಲು ಕೊರೆಯುವ ಮೆಷಿನ್ನಿನ ಸದ್ದು, ಲ್ಯಾಂಡ್‌ಲೈನ್ ರಿಂಗಾಗುವುದು, ಅಷ್ಟೇ ಹೋಗಿರಬೇಕು.

ಸಂಜೆಯ ಹೊತ್ತಿಗೆ ಧೂಳು ಇಳಿದು ಬೀದಿ ನಿಧಾನವಾಗಿ ತನ್ನ ಬಣ್ಣಕ್ಕೆ ಮರಳುತ್ತಿತ್ತು. ಆಗ ಅವಳ ಇನ್ನೊಂದು ಧ್ವನಿ ಬಂತು. ಉಸಿರು ಏರಿಳಿಯುತ್ತಿತ್ತು, ಎಲ್ಲಿಂದಲೋ ಓಡಿ ಬಂದವಳ ಹಾಗೆ.

"ಅತ್ತೆ, ನಿಮ್ಮ ವಾಯ್ಸಲ್ಲಿ ಎಂತದೂ ಕೇಳ್ಲಿಲ್ಲ. ಇರ್ಲಿ. ಹೆಡ್‌ಮಾಸ್ಟ್ರು ಮನೆಗೆ ಬಂದಿದ್ರು ಅತ್ತೆ! ಅಪ್ಪ ಹೆದರಿ ಅಂಗಳಕ್ಕೇ ಇಳೀಲಿಲ್ಲ. ಬೈಲಿಕ್ಕೆ ಬಂದದ್ದಲ್ಲ, ಜೂನಿನ ಮರುಪರೀಕ್ಷೆಗೆ ಸೈನ್ ಹಾಕಿಸ್ಲಿಕ್ಕೆ ಬಂದದ್ದು. ನಾಳೆಯಿಂದ ದಿನಾ ಶಾಲೆಗೆ ಬಾ, ನಾನೇ ಕೂತು ಲೆಕ್ಕ ಮಾಡಿಸ್ತೇನೆ ಅಂದ್ರು. ರಜೆ ಅಲ್ವಾ, ಶಾಲೆಯಲ್ಲಿ ನಾವಿಬ್ರೇ. ಯೂನಿಫಾರ್ಮ್ ಹಾಕ್ಬೇಕಾ ಸಾರ್ ಅಂತ ಕೇಳಿದೆ. ಹಾಕ್ಬೇಕು, ನೀನಿನ್ನೂ ನಮ್ಮ ಶಾಲೆಯವಳೇ ಅಲ್ವಾ ಅಂದ್ರು."